ಕೆಂಪು ಕಾಳುಗಳ ತೊಟ್ಟಿ

ಕೊಳಚೆ ನೀರು ಶುದ್ಧಮಾಡುವ ಘಟಕದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ತೊಟ್ಟಿಯಕ್ಕ ಎಂದೇ. ಇಪ್ಪತ್ತು ವರ್ಷದ ನೌಕರಿ. ಹಳೆಯ ತೊಟ್ಟಿಗಳ ಗುಣ ಅವಳಿಗೆ ಅಂಗೈ ಗೆರೆಯಷ್ಟು ಪರಿಚಿತ: ಅಮೋನಿಯ ಏರಿದರೆ ಗಾಳಿ ಹೆಚ್ಚಿಸು, ಮಿಕ್ಕಿದ್ದನ್ನು ಸೂಕ್ಷ್ಮಾಣುಗಳು ನೋಡಿಕೊಳ್ಳುತ್ತವೆ. ಹೊಸ ಸಣ್ಣ ತೊಟ್ಟಿಯ ಕೆಂಪು ಕಾಳುಗಳದ್ದು ಮಾತ್ರ ಬೇರೆಯೇ ಸ್ವಭಾವ. ಎಳ್ಳಿನ ಗಾತ್ರದ ಒಂದೊಂದು ಕಾಳೂ ಸೂಕ್ಷ್ಮಾಣುಗಳ ಮುದ್ದೆ. ಅಮೋನಿಯವನ್ನು ಗಾಳಿಗೆ ಸೇರುವ ಸಾರಜನಕವಾಗಿಸಲು ಅವಕ್ಕೆ ಹೆಚ್ಚು ಗಾಳಿ ಬೇಡ, ಗಾಳಿ ಊದಲು ಹೆಚ್ಚು ಕರೆಂಟೂ ಬೇಡ. ಆದರೆ ಗಾಳಿ ಅತಿಯಾದರೆ ಕೈಚೆಲ್ಲಿ ಕೂರುತ್ತವೆ. ಒಂದು ಎರಡಾಗಲು ಎರಡು ವಾರ. ಎಂಟು ತಿಂಗಳು ಅವಳು ಅವನ್ನು ಎಳೆಗೂಸಿನಂತೆ ಸಾಕಿದ್ದಳು.

ಸೋಮವಾರ ಬಂದು ನೋಡಿದರೆ ಕೆಂಪು ಮಂಕಾಗಿತ್ತು. ಅಮೋನಿಯ ದುಪ್ಪಟ್ಟು. ಗಾಳಿಯ ವಾಲ್ವ್ ಪೂರ್ತಿ ತೆರೆದಿತ್ತು.

"ನಿನ್ನೆ ಅಂಕಿ ಸ್ವಲ್ಪ ಏರಿತ್ತಕ್ಕ, ತಿರುಗಿಸಿಬಿಟ್ಟೆ," ಎಂದ ಸೂಪರ್‌ವೈಸರ್. "ಇನ್ನೊಂದು ಬ್ಲೋವರ್ ಹಾಕೋಣ್ವಾ? ಶುಕ್ರವಾರ ಸರಿಹೋಗಿಲ್ಲ ಅಂದ್ರೆ ದೊಡ್ಡ ಇಂಜಿನಿಯರು ಈ ತೊಟ್ಟಿ ಖಾಲಿ ಮಾಡಿಸ್ತಾರೆ."

"ಸಾರ್, ಉಸಿರು ಕಟ್ಟಿಸಿದ್ದೇ ಆ ಗಾಳಿ. ನಾಲ್ಕು ದಿನ ಇದನ್ನ ನನಗೆ ಬಿಡಿ."

"ಪುಸ್ತಕ ಓದಿದೋನು ನಾನು."

"ಹೌದು. ಸಾಕಿದೋಳು ನಾನು."

ವಾಲ್ವನ್ನು ಕಾಲುಭಾಗಕ್ಕೆ ಇಳಿಸಿ, ಗಂಟೆಗೊಮ್ಮೆ ನೀರು ಪರೀಕ್ಷಿಸುತ್ತ ಅಲ್ಲೇ ಕೂತಳು. ಸಂಜೆ ಗಂಡನ ಫೋನು.

"ಎಷ್ಟೊತ್ತಿಗೆ ಬರ್ತೀಯೇ? ಅಮ್ಮ ಕಾಯ್ತಿದ್ದಾರೆ, ಅಡುಗೆ ಆಗಿಲ್ಲ."

"ಶುಕ್ರವಾರದ ತನಕ ಹೀಗೇ ರೀ. ಉಪ್ಪು ಎಡಗಡೆ ಡಬ್ಬದಲ್ಲಿದೆ."

"ಎಡಗಡೆ ಎಷ್ಟು ಡಬ್ಬ ಇವೆ ಗೊತ್ತಾ ನಿನಗೆ?"

"ಹದಿನಾಲ್ಕು. ಹದಿನೆಂಟು ವರ್ಷದಿಂದ ಅಲ್ಲೇ ಇವೆ."

ಹಿಂದಿನಿಂದ ಅತ್ತೆಯ ದನಿ ಕೇಳಿಸಿತು: "ಫೋನಿಡೋ. ನಾನು ಹೇಳ್ತೀನಿ, ನೀನು ತರಕಾರಿ ಹೆಚ್ಚು."

ಬುಧವಾರವೂ ಅಂಕಿ ಕದಲಲಿಲ್ಲ. ಗುರುವಾರ ಮಧ್ಯಾಹ್ನ ಇಳಿಯತೊಡಗಿ, ಶುಕ್ರವಾರ ಬೆಳಿಗ್ಗೆ ಮಿತಿಯೊಳಗೆ ಬಂತು. ದೊಡ್ಡ ಇಂಜಿನಿಯರು ಹಾಳೆ ನೋಡಿ ಸೂಪರ್‌ವೈಸರ್‌ನ ಕೈ ಕುಲುಕಿದರು. ಅವನು ಕೈ ಬಿಡಿಸಿಕೊಂಡು, "ಇದು ಅಕ್ಕನ ಕೆಲಸ ಸಾರ್. ಕೆಡಿಸಿದ್ದಷ್ಟೇ ನಾನು," ಎಂದ. ತೊಟ್ಟಿ ಉಳಿಯಿತು.

ಶನಿವಾರ ಹೊರಡುವಾಗ ಅವನೇ ವಾಲ್ವಿನ ಹಿಡಿ ಕಳಚಿ ಕೊಟ್ಟ. "ತಗೊಂಡೋಗಿ ಅಕ್ಕ. ಅಂಕಿ ಏರಿದ್ರೆ ನನ್ನ ಕೈ ಸುಮ್ನಿರಲ್ಲ."

ಹಿಡಿ ಊಟದ ಚೀಲ ಸೇರಿತು. ಐದು ದಿನದಲ್ಲಿ ಅಡುಗೆಮನೆ ಕೆಲಸ ರೂಢಿಯಾಗಿದ್ದ ಗಂಡ ಚೀಲ ಬಿಚ್ಚಿ ಒಳಗಿದ್ದದ್ದನ್ನೆಲ್ಲ ತೊಳೆದಿಟ್ಟ. ಬೆಳಿಗ್ಗೆ ನೋಡಿದರೆ ಲೋಟಗಳ ನಡುವೆ ಕಬ್ಬಿಣದ ಹಿಡಿ ಬೋರಲು ಮಲಗಿತ್ತು.

"ಯಾವ ಪಾತ್ರೆದೇ ಅದು? ಎಷ್ಟುಜ್ಜಿದ್ರೂ ಕರೆ ಹೋಗ್ಲಿಲ್ಲ."

ಅವಳು ಅದನ್ನು ಅಲ್ಲೇ ಬಿಟ್ಟಳು. ಸೋಮವಾರದ ತನಕ ಅದಕ್ಕೂ ರಜೆ.