ಉಪ್ಪು ಹಿಡಿದ ರೀಲು

ಹೋದ ಭಾನುವಾರ ಅಟ್ಟದ ಮೇಲೆ ಮೀನು ಹಿಡಿಯುವ ಗಾಳದ ದಾರ ಸುತ್ತುವ ಹಳೆಯ ರೀಲು ಸಿಕ್ಕಿತು. ಸ್ಕ್ರೂ ಬಿಚ್ಚಿದ ಕೂಡಲೇ ಹಳಸಿದ ಗ್ರೀಸು, ಸಮುದ್ರದ ಉಪ್ಪು ಎರಡೂ ಸೇರಿದ ವಾಸನೆ ಮೂಗಿಗೆ ಹೊಡೆಯಿತು. ಒಳಗೆಲ್ಲ ಬಿಳಿ ಉಪ್ಪು ಗಟ್ಟಿಯಾಗಿ ಕೂತಿತ್ತು. ಕೆಳಗಿನ ಮನೆ ಅಂಕಲ್ ರೀಲು ಅದು...

ಉತ್ತರಹಳ್ಳಿಯ ಈ ಕಟ್ಟಡದಲ್ಲಿ ನಾವು ಮೇಲೆ, ಅವರು ಕೆಳಗೆ. ವರ್ಷಕ್ಕೆ ನಾಲ್ಕು ಸಲ ನನ್ನನ್ನೂ ಕೂರಿಸಿಕೊಂಡು ಕುಮಟಾ ಕಡೆಯ ಬಂಡೆಗಳಿಗೆ ಹೋಗುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಟ್ರೆವಲಿ ಒಂದೇ. ಗಾಳ ಕಚ್ಚಿದ್ದೇ ಬಂಡೆಯ ಸಂದಿಗೆ ನುಗ್ಗುವ ಮೊಂಡು ಮೀನು. ಅದರ ಮೊದಲ ಓಟಕ್ಕೆ ರೀಲು ದಾರ ಬಿಟ್ಟುಕೊಡಬೇಕು, ಇಲ್ಲದಿದ್ದರೆ ದಾರ ಹರಿಯಿತೆಂದೇ ಲೆಕ್ಕ. ಒಳಗೆ ಉಪ್ಪು ಕೂತರೆ ರೀಲು ಬಿಗಿದುಕೊಳ್ಳುತ್ತದೆ. ಹಾಗಾಗಿ ಮನೆಗೆ ವಾಪಸು ಬಂದವರೇ ಊಟವನ್ನೂ ಮಾಡದೆ ಬಕೆಟ್ ತುಂಬ ಕಾವೇರಿ ನೀರಿನಲ್ಲಿ ರೀಲು ತೊಳೆಯುತ್ತಿದ್ದರು. ಗಡಸು ಬೋರ್‌ವೆಲ್ ನೀರು ಅದಕ್ಕೆ ಆಗದು. ಅಡುಗೆಗೆ ಹಿಡಿದಿಟ್ಟ ನೀರೆಂದು ಆಂಟಿ ಗೊಣಗುತ್ತಿದ್ದರು.

ಆಮೇಲೆ ಅವರ ಬಲಗೈ ನಡುಗತೊಡಗಿತು. ಇದು ಹೆಚ್ಚುತ್ತಲೇ ಹೋಗುತ್ತದೆ ಎಂದರು ಡಾಕ್ಟರು. ಅಷ್ಟರೊಳಗೆ ಒಂದಾದರೂ ದೊಡ್ಡ ಟ್ರೆವಲಿ ಎಳೆಯಬೇಕೆಂದು ಅಂಕಲ್ ಹಟ ಹಿಡಿದರು. ಅದೇ ತಿಂಗಳು ನಾನು ಅವರ ರೀಲು ಕೇಳಿ ಪಡೆದು ಗೆಳೆಯರೊಂದಿಗೆ ಸಮುದ್ರಕ್ಕೆ ಹೋಗಿದ್ದೆ. ವಾಪಸು ಬಂದ ದಿನ ಕಾವೇರಿ ನೀರು ಬಿಟ್ಟಿರಲಿಲ್ಲ. ನಾಳೆ ತೊಳೆದರಾಯಿತು ಎಂದುಕೊಂಡೆ, ಮರೆತೆ. ಎರಡು ವಾರದ ಮೇಲೆ ಅವರು ಕೇಳಿದಾಗ ಮೇಲೆ ಮೇಲೆ ಒರೆಸಿ, ತೊಳೆದಿದ್ದೇನೆ ಎಂದು ಕೊಟ್ಟೆ. ದರಿದ್ರ ಸೋಮಾರಿತನ.

ಅದೇ ರೀಲು ಹಿಡಿದು ನಾವಿಬ್ಬರೂ ಕುಮಟಾ ಬಂಡೆಗಳಿಗೆ ಹೋದೆವು. ಆ ಸಲ ಮೀನು ಕಚ್ಚಿತು. ಅಂಥದ್ದನ್ನು ನಾನು ಕಂಡೇ ಇರಲಿಲ್ಲ. ಗಾಳದ ಕೋಲಿನ ತುದಿ ನೀರು ಮುಟ್ಟುವಷ್ಟು ಬಾಗಿದರೂ ರೀಲು ಒಂದು ಗೇಣು ದಾರ ಬಿಡಲಿಲ್ಲ. ಅಂಕಲ್ ನಡುಗುವ ಬೆರಳಲ್ಲಿ ದಾರದ ಬಿಗಿತ ಹೆಚ್ಚುಕಡಿಮೆ ಮಾಡುವ ರೀಲಿನ ತಿರುಪು ಸಡಿಲಿಸಲು ಒದ್ದಾಡಿದರು.

"ಆಗ್ತಿಲ್ಲ ಕಣೋ, ನೀನಾದ್ರೂ ತಿರುಗ್ಸು, ಬೇಗ," ಎಂದು ಗೋಗರೆದರು.

ನಾನು ಕೈ ಹಾಕುವಷ್ಟರಲ್ಲಿ ದಾರ ಹರಿದುಹೋಯಿತು.

ಅವರು ಬಂಡೆಯ ಮೇಲೆ ಕೂತು ಕೈಯನ್ನೇ ನೋಡಿಕೊಂಡರು. "ನನ್ನ ಕೈಯೇ ಹೋಯ್ತು. ಇನ್ಮೇಲೆ ಬರಲ್ಲ," ಎಂದರು.

ರೀಲು ತೊಳೆದೇ ಇರಲಿಲ್ಲವೆಂದು ಆಗಲೇ ಹೇಳಿಬಿಡಬೇಕಿತ್ತು. ಹರಿದ ದಾರ ಸುತ್ತತೊಡಗಿದೆ... ಮನೆ ಮುಂದೆ ಇಳಿದಾಗ ರೀಲನ್ನು ನನ್ನ ಕೈಗಿಟ್ಟು, "ನೀನು ಚೆನ್ನಾಗಿ ನೋಡ್ಕೋತೀಯ, ಇಟ್ಕೋ," ಎಂದರು. ಆಮೇಲೆ ಅವರು ಸಮುದ್ರದ ಮಾತೇ ಎತ್ತಲಿಲ್ಲ. ಎದುರು ಸಿಕ್ಕಾಗ ಬಲಗೈಯನ್ನು ಜೇಬಿನೊಳಗೆ ಇಟ್ಟುಕೊಂಡಿರುತ್ತಿದ್ದರು. ಅವರು ತೀರಿಕೊಂಡು ಎರಡು ವರ್ಷವಾಯಿತು.

ಇವತ್ತು ಬೆಳಿಗ್ಗೆ ನೀರು ಬಂತು. ಬಕೆಟ್ ತುಂಬಿಸಿ ರೀಲು ಅದ್ದಿಟ್ಟೆ. ನಾಲ್ಕು ಸಲ ನೀರು ಬದಲಿಸಿದ ಮೇಲೆ ತಿರುಪು ಸಡಿಲವಾಯಿತು, ಎಳೆದಷ್ಟೂ ದಾರ ಬಿಟ್ಟಿತು. ಕೆಳಗಿನ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ನಿಮ್ಮ ಕೈಯದೇನೂ ತಪ್ಪಿರಲಿಲ್ಲ ಅಂಕಲ್ ಎಂದು ಇನ್ನು ಯಾರಿಗೆ ಹೇಳಲಿ?