ಸಿಂಧನೂರಿನ ಗೋಣಿತಟ್ಟು

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಲಿಂಗಸುಗೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕ. ಸಿಂಧನೂರಿನಲ್ಲಿ ಅದೇ ವಿಷಯ ಕಲಿಸುತ್ತಿದ್ದ ಶರಣಮ್ಮ ಮೇಡಂ ಬಿಡುವಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದರು. ಅವರ ವಿಷಯ ಫ್ಯುಯೆಲ್ ಸೆಲ್ಲಿನ ಮೆಂಬ್ರೇನ್. ಹೈಡ್ರೋಜನ್ನಿನಿಂದ ಕರೆಂಟು ಕೊಡುವ ಆ ಸೆಲ್ಲಿನ ನಡುವೆ ಒಂದು ಪದರ ಇರುತ್ತದೆ. ಅದು ಪ್ರೋಟಾನುಗಳನ್ನಷ್ಟೇ ದಾಟಿಸಬೇಕು. ಅದಕ್ಕೆ ತಕ್ಕ ಘನ ಆಮ್ಲವೊಂದು ಮೇಡಂಗೆ ಸಿಕ್ಕಿತ್ತು. ಪುಡಿಯನ್ನು ಮಾತ್ರೆಯಂತೆ ಒತ್ತಿ, ಎರಡೂ ಕಡೆ ತಂತಿ ಹಚ್ಚಿ ಅಳೆದರೆ ಪ್ರೋಟಾನು ಸರಾಗವಾಗಿ ಹರಿಯುತ್ತಿತ್ತು.

ಅವರ ಗೈಡ್‌ಗೆ ನಂಬಿಕೆ ಬರಲಿಲ್ಲ. ಇನ್ನೊಂದು ಲ್ಯಾಬಿನಲ್ಲೂ ಅಷ್ಟೇ ಬರಬೇಕು, ಇಲ್ಲದಿದ್ದರೆ ಆ ಅಧ್ಯಾಯ ಕಿತ್ತುಹಾಕಿ ಎಂದರು. ವರ್ಷಗಟ್ಟಲೆಯ ದುಡಿಮೆ ಅದು. ಆ ಇನ್ನೊಂದು ಲ್ಯಾಬು ನನ್ನದಾಯಿತು. ನಮ್ಮಿಬ್ಬರಿಗೂ ನಡುವಿನ ಊರು ಮಸ್ಕಿ. ಅಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಮಂಡಾಳು, ಮಿರ್ಚಿ ತಿನ್ನುತ್ತ ಪುಡಿಯ ಬಾಟಲಿ ಇಸಿದುಕೊಂಡೆ.

ನನ್ನ ಲ್ಯಾಬಿನಲ್ಲಿ ಮೀಟರಿನ ಮುಳ್ಳು ಜಪ್ಪಯ್ಯ ಎನ್ನಲಿಲ್ಲ. ಎಷ್ಟು ಸಲ ಮಾಡಿದರೂ ಅದೇ ಹಣೆಬರಹ. ಮತ್ತೆ ಮಸ್ಕಿಯಲ್ಲಿ ಭೇಟಿಯಾಗಿ ಕಂಡದ್ದನ್ನು ಹೇಳಿದೆ. ಮೇಡಂ ಮಿರ್ಚಿಯನ್ನು ಕೆಳಗಿಟ್ಟರು.

“ಹಂಗಾದ್ರ ನಾ ಸುಳ್ಳು ಅಂಕಿ ಬರದೀನಿ ಅಂತೀರೇನ್ರಿ ಸರ್?”

ನಿಮ್ಮ ಮೀಟರಿಗೇ ಹಚ್ಚಿ ನೋಡೋಣ ಎಂದೆ. ಮರುವಾರ ನಾನೇ ಒತ್ತಿದ ಮಾತ್ರೆಯನ್ನು ಬಿಗಿ ಮುಚ್ಚಳದ ಬಾಟಲಿಯಲ್ಲಿಟ್ಟುಕೊಂಡು ಸಿಂಧನೂರಿಗೆ ಹೋದೆ. ರಣಬಿಸಿಲು. ಅವರ ಮೀಟರಿಗೆ ಹಚ್ಚಿದರೂ ಮುಳ್ಳು ಏಳಲಿಲ್ಲ. ಮೇಡಂ ಮುಖ ಸಪ್ಪಗಾಯಿತು. ಮಾತ್ರೆಯನ್ನು ಮೀಟರಿನಲ್ಲಿ ಹಾಗೆಯೇ ಬಿಟ್ಟು ಹೊರಗೆ ಬುತ್ತಿ ಬಿಚ್ಚಿದೆವು. ತಿರುಗಿ ಬಂದು ನೋಡಿದರೆ ಮುಳ್ಳು ಏರಿ ನಿಂತಿತ್ತು!

ಆಗ ನನ್ನ ಕಣ್ಣು ಕಿಟಕಿಗೆ ಹೋಯಿತು. ಧಗೆ ತಾಳಲಾರದೆ ಮೇಡಂ ಅಲ್ಲಿ ಗೋಣಿತಟ್ಟು ಕಟ್ಟಿಸಿ, ಆಗಾಗ ನೀರು ಚಿಮುಕಿಸುತ್ತಿದ್ದರು. ತಟ್ಟು ಬಿಚ್ಚಿ ಬಿಸಿಗಾಳಿ ಬಿಟ್ಟೆವು. ನಿಧಾನಕ್ಕೆ ಮುಳ್ಳು ಕುಸಿಯಿತು. ತೋಯಿಸಿ ಮತ್ತೆ ಕಟ್ಟಿದೆವು, ಏರಿತು. ಗಾಳಿಯ ತೇವ ಹೀರಿದ ಆ ಆಮ್ಲದೊಳಗೆ ಪ್ರೋಟಾನು ಒಂದು ನೀರಿನ ಅಣುವಿನಿಂದ ಇನ್ನೊಂದಕ್ಕೆ ಜಿಗಿಯುತ್ತ ಸಾಗುತ್ತದೆ. ನೀರು ಆರಿದರೆ ದಾರಿ ಬಂದ್. ತಗಡಿನ ಮಾಡಿನ ನನ್ನ ಲ್ಯಾಬಿನ ಒಣಗಾಳಿಯಲ್ಲಿ ಅದಕ್ಕೆ ದಾರಿಯೇ ಇರಲಿಲ್ಲ.

ಮೇಡಂ ನಕ್ಕರು, ಕಣ್ಣು ತುಂಬಿದ್ದವು. “ಸೆಕಿ ನನಗಷ್ಟ ಆಗ್ತದ ಅನ್ಕೊಂಡಿದ್ದೆ ನೋಡ್ರಿ ಸರ್.”

ಅಧ್ಯಾಯ ಉಳಿಯಿತು, ಗಾಳಿಯ ತೇವದ ಅಳತೆಯೂ ಅದರಲ್ಲಿ ಸೇರಿತು. ಆ ಮಂಡಾಳು, ಆ ಬಸ್ಸಿನ ಧೂಳು ಈಗಲೂ ನೆನಪಾಗಿ ಜೀವ ಜಗ್ಗುತ್ತದೆ. ಆಮೇಲೆ ನಿವೃತ್ತಿಯಾಗುವತನಕ, ಇಬ್ಬರು ವಿದ್ಯಾರ್ಥಿಗಳ ಅಂಕಿ ತಾಳೆಯಾಗದಿದ್ದಾಗ ಯಾರದು ಸುಳ್ಳು ಎಂದು ನಾನು ಕೇಳಿದವನಲ್ಲ. ಎದ್ದುಹೋಗಿ ಮೊದಲು ಕಿಟಕಿ ನೋಡುತ್ತಿದ್ದೆ.