ಬೇವಿನ ಮರಕ್ಕೊಂದು ತಿದ್ದುಪಡಿ

ಹರಪನಹಳ್ಳಿಯ ಒಬ್ಬ ನಿವೃತ್ತ ಚಿತ್ರಕಲಾ ಮೇಷ್ಟ್ರ ಅಭಿಮಾನಿ ನಾನು. ಕೊಟ್ಟೂರಿನ ಕಾಲೇಜೊಂದರಲ್ಲಿ ಅವರ ಚಿತ್ರಗಳನ್ನು ನೋಡಿ ಪತ್ರ ಬರೆದೆ. ಅವರು ಕಾರ್ಡಿನ ಒಂದು ಬದಿಗೆ ಚಿತ್ರ ಬಿಡಿಸಿ, ಇನ್ನೊಂದು ಬದಿಗೆ ನಾಲ್ಕು ಸಾಲು ಬರೆದು ಉತ್ತರಿಸಿದರು. ನಾಲ್ಕು ವರ್ಷ ಹೀಗೇ ನಡೆಯಿತು. ಮೊಬೈಲು ಇಬ್ಬರ ಬಳಿಯೂ ಇದೆ. ಫೋನ್ ಮಾಡಿದರೆ ಚಿತ್ರ ಸಿಗುವುದಿಲ್ಲವೆಂಬ ಲೋಭ ನನ್ನದು.

ಕಳೆದ ವರ್ಷ ಅವರು ನಮ್ಮ ಹಗರಿಬೊಮ್ಮನಹಳ್ಳಿಯ ರೈಲು ನಿಲ್ದಾಣದ ಚಿತ್ರ ಕಳಿಸಿದರು. ಇದನ್ನೇ ದೊಡ್ಡದಾಗಿ ಬರೆಯುತ್ತಿದ್ದೇನೆ, ಅಭಿಪ್ರಾಯ ತಿಳಿಸಿ ಎಂದಿದ್ದರು. ನಾನು ಪತ್ರಿಕೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಅಚ್ಚಿಗೆ ಮುಂಚಿನ ಪ್ರೂಫ್ ತಿದ್ದುತ್ತ, ಬೇರೆಯವರ ತಪ್ಪು ಹುಡುಕಿ ಸಂಬಳ ತೆಗೆದುಕೊಂಡವನು. ಚಿತ್ರ ಚೆನ್ನಾಗಿದೆ ಎಂದು ಒಂದು ಸಾಲು ಬರೆದು, ಕೆಳಗೆ ಕ್ರಮಸಂಖ್ಯೆ ಹಾಕಿ ಮೂರು ದೋಷ ತೋರಿಸಿದೆ. ಮೊದಲನೆಯದು, ಬೇವಿನ ಮರ ಕಟ್ಟಡದ ಬಲಕ್ಕಿದೆ, ತಾವು ಎಡಕ್ಕೆ ಬರೆದಿದ್ದೀರಿ. ಉಳಿದೆರಡು ಇನ್ನೂ ಸಣ್ಣವು.

ಎಂಟು ದಿನಕ್ಕೆ ಬರುತ್ತಿದ್ದ ಉತ್ತರ ಎರಡು ತಿಂಗಳಾದರೂ ಬರಲಿಲ್ಲ. ಅಂಚೆಯವರು ಬರುವ ಹೊತ್ತಿಗೆ ನಾನು ಏನೋ ಕೆಲಸವಿದ್ದಂತೆ ಬಾಗಿಲಲ್ಲಿ ನಿಲ್ಲತೊಡಗಿದೆ. ಅಂಥದ್ದೇನು ಬರೆದಿರಿ ಎಂದು ಹೆಂಡತಿ ಕೇಳಿದಳು. ಹೇಳಿದೆ.

“ಅವರು ನಿಮಗ ಚಿತ್ರ ಕಳಿಸಿದ್ರೋ, ಪ್ರೂಫ್ ಕಳಿಸಿದ್ರೋ?”

ಸ್ನೇಹ ಮುಗಿಯಿತೆಂದೇ ತಿಳಿದೆ. ಅಷ್ಟರಲ್ಲಿ ಮದುವೆಯೊಂದಕ್ಕೆ ಕೊಟ್ಟೂರಿಗೆ ಹೋಗಿ, ಬಸ್ಸು ತಪ್ಪಿ, ರೈಲಿನಲ್ಲಿ ಮರಳಿದೆ. ನಮ್ಮೂರು ಬಂದಾಗ ಕಿಟಕಿಯಿಂದ ನೋಡುತ್ತೇನೆ, ಬೇವಿನ ಮರ ಎಡಕ್ಕಿದೆ. ನಾನು ಆ ಕಟ್ಟಡವನ್ನು ಯಾವಾಗಲೂ ಆಟೋ ನಿಲ್ಲುವ ರಸ್ತೆಯಿಂದ ನೋಡಿದವನು. ಮೇಷ್ಟ್ರು ರೈಲಿನಿಂದ ನೋಡಿದ್ದರು. ಕಟ್ಟಡಕ್ಕೆ ಹಿಂದುಮುಂದು ಇರುತ್ತದೆಂದು ಹೊಳೆಯಲು ನನಗೆ ಟಿಕೆಟ್ ಬೇಕಾಯಿತು.

ಅಂದೇ ಕೂತು ‘ಪ್ರಮಾದಕ್ಕಾಗಿ ವಿಷಾದಿಸುತ್ತೇನೆ’ ಎಂದು ಬರೆದೆ. ಹೆಂಡತಿ ಓದಿದಳು.

“ಇದು ಪೇಪರಿನ ಮೂಲ್ಯಾಗ ಹಾಕೋದು. ಮನುಷ್ಯಾರಿಗೆ ಬರಿಯಾಕ ಬರಂಗಿಲ್ಲೇನ್ರಿ ನಿಮಗ?”

ಹರಿದುಹಾಕಿದೆ. ಸರಿಯಾಗಿ ನೋಡದೆ ಮಾತಾಡಿದೆ, ನಿಮ್ಮ ಕಾರ್ಡು ಬಾರದೆ ಮನೆಯಲ್ಲಿ ಬೇಜಾರಾಗಿದೆ ಎಂದು ಬರೆದೆ. ಅಷ್ಟಕ್ಕೆ ಮೂರು ಸಂಜೆ ಹಿಡಿಯಿತು. ‘ಮನೆಯಲ್ಲಿ’ ಎಂಬುದನ್ನು ‘ನನಗೆ’ ಎಂದು ತಿದ್ದಿದ್ದು ಮೂರನೆಯ ಸಂಜೆ.

ವಾರದಲ್ಲಿ ಉತ್ತರ ಬಂತು. ಮೇಷ್ಟ್ರಿಗೆ ಸಿಟ್ಟು ಬಂದಿರಲೇ ಇಲ್ಲ. ಅದಕ್ಕಿಂತ ಕೆಟ್ಟದ್ದು ನಡೆದಿತ್ತು. ಅವರು ಮಾತಾಡಿದಂತೆಯೇ ಬರೆಯುವವರು:

“ನೀವು ಆ ಊರಿನವರು, ಮ್ಯಾಲೆ ಪೇಪರಿನವರು ಅಂತ ನಂಬಿ, ದೊಡ್ಡ ಚಿತ್ರದಾಗ ಮರಾನ ಬಲಕ್ಕ ತಂದೀನ್ರಿ. ಎರಡು ತಿಂಗಳು ಅದರಾಗ ಹೋತು. ಚಲೋ ಬೆಳದೈತಿ, ಈಗ ಕಡಿಯಾಕ ಮನಸಿಲ್ಲ. ಎಡಕ್ಕೂ ಒಂದು ಹಚ್ತೀನಿ. ಯಾವುದರ ನೆಳ್ಳಿಗಾದ್ರೂ ಕುಂದ್ರುವಂತ್ರಿ, ಬರ್ರಿ.”